ಟ್ರಕ್ ಹತ್ತದ ರೈಫಲ್: ಅಮೆರಿಕದಲ್ಲಿ ರಾಜ್ಯ ದಾಟಿದರೆ ಕೋವಿ ಕಾನೂನು ಹೇಗೆ ಬದಲಾಗುತ್ತದೆ?

ನಮ್ಮ ದೊಡ್ಡಪ್ಪನ ಮಗ ಡಾಲಸ್ ಪಕ್ಕದ ಊರೊಂದರಲ್ಲಿ ಒಂಬತ್ತು ವರ್ಷ ಇದ್ದ. ಕೆಲಸ ಬದಲಾಗಿ ಸ್ಯಾನ್ ಹೋಸೆಗೆ ಹೊರಟಿದ್ದ. ಸಾಮಾನು ಸಾಗಿಸುವ ಟ್ರಕ್ಕಿಗೆ ಏನೇನು ಹೋಗಬೇಕು ಅಂತ ಪಟ್ಟಿ ಮಾಡುತ್ತಾ ಕೂತವನು ಫೋನ್ ಮಾಡಿದ. ವೆಟ್ ಗ್ರೈಂಡರ್, ಮಕ್ಕಳ ಸೈಕಲ್, ದೇವರ ಮಂಟಪ ಎಲ್ಲ ಬರೆದಾಗಿತ್ತು. ಕೊನೆಯ ಸಾಲಿನ ಮುಂದೆ ಮಾತ್ರ ಪ್ರಶ್ನೆ ಚಿಹ್ನೆ.

"ಅಣ್ಣಾ, ರೈಫಲ್ ಟ್ರಕ್‌ಗೆ ಹಾಕ್ಲಾ, ಕಾರಲ್ಲೇ ತಗೊಂಡು ಹೋಗ್ಲಾ?"

ಎರಡೂ ಬೇಡ ಮಾರಾಯ ಅಂದೆ. ಅವನಿಗೆ ಅರ್ಥವಾಗಲಿಲ್ಲ. ಕಳ್ಳಮಾಲಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಅಂಗಡಿಗೆ ಹೋಗಿ, ಫಾರ್ಮ್ ತುಂಬಿ, ಬಿಲ್ ತಗೊಂಡು ಕೊಂಡ ಎಆರ್-15. ಟೆಕ್ಸಾಸ್‌ನಲ್ಲಿ ಅದು ಮಿಕ್ಸಿಯಷ್ಟೇ ಕಾನೂನುಬದ್ಧ. ಕ್ಯಾಲಿಫೋರ್ನಿಯಾದ ಗಡಿ ದಾಟಿದ ಕ್ಷಣದಿಂದ ಅದೇ ರೈಫಲ್, ಅದೇ ಕಬ್ಬಿಣ, ದೊಡ್ಡ ಅಪರಾಧ. ನಡುವೆ ಅವನು ಮಾಡಿದ್ದು ಕಾರು ಓಡಿಸಿದ್ದು ಮಾತ್ರ.

ಯಾಕೆ ಹೀಗೆ ಅಂತ ಬಿಡಿಸಿ ಹೇಳಲು ಅವತ್ತು ಒಂದೂವರೆ ಗಂಟೆ ಬೇಕಾಯಿತು. ನಾನು ವಕೀಲನಲ್ಲ. ಆದರೆ ಅಲ್ಲಿರುವ ನಮ್ಮವರು ಇದೇ ಪ್ರಶ್ನೆಯನ್ನು ಬೇರೆ ಬೇರೆ ರೂಪದಲ್ಲಿ ಕೇಳುತ್ತಲೇ ಇರುತ್ತಾರೆ. ಊರಲ್ಲಿರುವವರಿಗೂ ಸುದ್ದಿ ಬಂದಾಗಲೆಲ್ಲ "ಅಲ್ಲಿ ಕೋವಿ ಬ್ಯಾನ್ ಮಾಡಿದಾರಾ ಇಲ್ವಾ?" ಅನ್ನುವ ಗೊಂದಲ ಇದ್ದೇ ಇದೆ. ಅದಕ್ಕೆ ಹೌದು ಅಥವಾ ಇಲ್ಲ ಅಂತ ಒಂದೇ ಮಾತಿನ ಉತ್ತರ ಇಲ್ಲ. ಇಲ್ಲಿ ಹೇಳುವುದು 2025ರ ಕೊನೆಯವರೆಗಿನ ಸ್ಥಿತಿ.

ಮೊದಲು ಸೆಮಿ-ಆಟೊಮ್ಯಾಟಿಕ್ ಅಂದರೆ ಏನು ಅಂತ ನೋಡೋಣ. ಮಲೆನಾಡಿನವರಿಗೆ ಇದು ಸುಲಭ. ಕೇಪಿನ ಕೋವಿಯಲ್ಲಿ ಒಂದೊಂದು ಈಡಿಗೂ ಮದ್ದು ತುಂಬಬೇಕು. ಅಜ್ಜನ ಜೋಡುನಳಿಗೆ ತೋಟೆ ಕೋವಿಯಲ್ಲಿ ಎರಡು ಈಡು ಹೊಡೆದು, ಮಡಚಿ, ಖಾಲಿ ತೋಟೆ ತೆಗೆದು ಹೊಸದು ಹಾಕಬೇಕು. ಬೋಲ್ಟ್ ರೈಫಲ್‌ನಲ್ಲಿ ಪ್ರತಿ ಸಲ ಕೈಯಿಂದ ಬೋಲ್ಟ್ ಎಳೆದು ತಳ್ಳಬೇಕು. ಸೆಮಿ-ಆಟೊಮ್ಯಾಟಿಕ್‌ನಲ್ಲಿ ಆ ಕೆಲಸವನ್ನು ಈಡಿನ ರಭಸವೇ ಮಾಡುತ್ತದೆ. ಖಾಲಿ ತೋಟೆಯನ್ನು ಹೊರಗೆ ಎಸೆದು, ಮ್ಯಾಗಜೀನ್‌ನಿಂದ, ಅಂದರೆ ಗುಂಡು ತುಂಬಿಡುವ ಡಬ್ಬಿಯಿಂದ, ಮುಂದಿನದನ್ನು ತಾನೇ ಏರಿಸಿಕೊಳ್ಳುತ್ತದೆ. ಆದರೆ ಟ್ರಿಗರ್ ಒಂದು ಸಲ ಎಳೆದರೆ ಒಂದೇ ಗುಂಡು. ಇನ್ನೊಂದು ಬೇಕಾದರೆ ಬೆರಳು ಬಿಟ್ಟು ಮತ್ತೆ ಎಳೆಯಬೇಕು. ಒತ್ತಿ ಹಿಡಿದರೆ ಸುರಿಯುತ್ತಲೇ ಇರುವುದು ಮಷೀನ್ ಗನ್. ಅದರ ಕಥೆ ಬೇರೆ. 1934ರಿಂದಲೇ ಅದಕ್ಕೆ ನೋಂದಣಿ, ತೆರಿಗೆ ಎಲ್ಲ ಇದೆ. 1986ರ ಮೇ ನಂತರ ತಯಾರಾದ ಮಷೀನ್ ಗನ್ ಸಾಮಾನ್ಯ ಜನರಿಗೆ ಸಿಗುವುದೇ ಇಲ್ಲ.

ಎಆರ್ ಅಂದರೆ ಅಸಾಲ್ಟ್ ರೈಫಲ್ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ, ಅದು ಆರ್ಮಲೈಟ್ ಅನ್ನುವ ಕಂಪನಿಯ ಹೆಸರಿನಿಂದ ಬಂದದ್ದು. 1950ರ ದಶಕದ ಕೊನೆಯಲ್ಲಿ ಅಲ್ಲಿ ಯೂಜೀನ್ ಸ್ಟೋನರ್ ಎಂಬ ಎಂಜಿನಿಯರ್ ರೂಪಿಸಿದ ವಿನ್ಯಾಸ. ಸೇನೆಗೆ ಹೋದದ್ದು ಎಂ-16 ಆಯಿತು, ಒತ್ತಿ ಹಿಡಿದರೆ ಸುರಿಯುವಂಥದ್ದು. ಅಂಗಡಿಗೆ ಬಂದದ್ದು ಸೆಮಿ-ಆಟೊಮ್ಯಾಟಿಕ್. ನೋಡಲು ಅಣ್ಣ ತಮ್ಮಂದಿರ ಹಾಗೆ ಇವೆ. ಕೋರ್ಟುಗಳಲ್ಲಿ ಇವತ್ತಿಗೂ ನಡೆಯುತ್ತಿರುವ ಜಗಳದ ಅರ್ಧ ಪಾಲು ಈ ಹೋಲಿಕೆಯ ಮೇಲೆಯೇ ನಿಂತಿದೆ.

ನಮ್ಮಲ್ಲಿ ಆಯುಧದ ವಿಷಯ ಪೂರ್ತಿ ಕೇಂದ್ರದ್ದು. 1959ರ ಆಯುಧ ಕಾಯ್ದೆ ಬೀದರ್‌ಗೂ ಒಂದೇ, ಬಿಹಾರಕ್ಕೂ ಒಂದೇ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇದೆಯಲ್ಲ, ಅದನ್ನೂ ಕೊಟ್ಟಿರುವುದು ಕೇಂದ್ರವೇ. 2019ರಲ್ಲಿ ಅದನ್ನು ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದ್ದೂ ದೆಹಲಿಯೇ. ಮೂಲ ನಿಯಮ ಸರಳ: ಕೋವಿ ಇಟ್ಟುಕೊಳ್ಳುವುದು ಸರ್ಕಾರ ಕೊಡುವ ಅನುಮತಿ. ಚುನಾವಣೆ ಬಂದರೆ ಅಜ್ಜ ಕೋವಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಠಾಣೆಗೆ ಹೋಗಿ ಠೇವಣಿ ಇಟ್ಟು ಬರುತ್ತಿದ್ದರು. ಕಾಡುಹಂದಿ ಚುನಾವಣೆ ಮುಗಿಯಲಿ ಅಂತ ಕಾಯುತ್ತಿರಲಿಲ್ಲ, ಅದು ಬೇರೆ ಮಾತು.

ಅಮೆರಿಕದಲ್ಲಿ ಇದು ತಲೆಕೆಳಗು. ಸಂವಿಧಾನಕ್ಕೆ 1791ರಲ್ಲಿ ಆದ ಎರಡನೇ ತಿದ್ದುಪಡಿಯ ಪ್ರಕಾರ ಆಯುಧ ಹೊಂದುವುದು ಜನರ ಹಕ್ಕು. ಸರ್ಕಾರವೇ ತನ್ನ ನಿರ್ಬಂಧಕ್ಕೆ ಕಾರಣ ಕೊಡಬೇಕು. ಮೇಲಾಗಿ ಆ ನಿರ್ಬಂಧ ಹಾಕುವ ಅಧಿಕಾರ ಎರಡು ಕೈಗಳಲ್ಲಿದೆ. ಕೇಂದ್ರದ ಕಾನೂನು ಮನೆಯ ನೆಲ ಇದ್ದ ಹಾಗೆ, ಅದಕ್ಕಿಂತ ಕೆಳಗೆ ಯಾವ ರಾಜ್ಯವೂ ಇಳಿಯುವಂತಿಲ್ಲ. ಆ ನೆಲದ ಮೇಲೆ ಎಷ್ಟು ಎತ್ತರದ ಗೋಡೆ ಕಟ್ಟಬೇಕು ಅನ್ನುವುದು ರಾಜ್ಯದ ಇಷ್ಟ. ಟೆಕ್ಸಾಸ್ ಬರೀ ನೆಲದ ಮೇಲೆ ಚಾಪೆ ಹಾಸಿಕೊಂಡು ಕೂತಿದೆ. ಕ್ಯಾಲಿಫೋರ್ನಿಯಾ ಮೂರು ಅಂತಸ್ತು ಕಟ್ಟಿದೆ.

ಆ ನೆಲ ಎಷ್ಟು ಗಟ್ಟಿ ಅಂದರೆ ಹೀಗೆ. ಲೈಸೆನ್ಸ್ ಇರುವ ಅಂಗಡಿಯಿಂದ ರೈಫಲ್ ಕೊಳ್ಳಲು 18 ತುಂಬಿರಬೇಕು, ಕೈಗನ್‌ಗೆ 21. 4473 ಎಂಬ ನಂಬರಿನ ಫಾರ್ಮ್ ತುಂಬಬೇಕು. ಜೈಲು ಶಿಕ್ಷೆಯಂಥ ದೊಡ್ಡ ಅಪರಾಧ ಸಾಬೀತಾಗಿದೆಯಾ, ಮನೆಯವರನ್ನು ಹೊಡೆದ ಕೇಸಿನಲ್ಲಿ ಶಿಕ್ಷೆ ಆಗಿದೆಯಾ, ಮಾದಕ ವಸ್ತು ಸೇವಿಸುತ್ತೀಯಾ, ಹೀಗೆ ಪ್ರಶ್ನೆಗಳು. ಗಾಂಜಾ ಬಗ್ಗೆ ಒಂದು ದಪ್ಪಕ್ಷರದ ಎಚ್ಚರಿಕೆಯೂ ಇದೆ: ನಿಮ್ಮ ರಾಜ್ಯದಲ್ಲಿ ಅದು ಕಾನೂನುಬದ್ಧವಾಗಿದ್ದರೂ ಕೇಂದ್ರದ ಲೆಕ್ಕದಲ್ಲಿ ಅಲ್ಲ. ನಂತರ ಅಂಗಡಿಯವನು ಎಫ್‌ಬಿಐ ನಡೆಸುವ ಹಿನ್ನೆಲೆ ಪರಿಶೀಲನೆಗೆ ನಿಮ್ಮ ಹೆಸರು ಕಳಿಸುತ್ತಾನೆ. ಈ ವ್ಯವಸ್ಥೆ ಶುರುವಾಗಿದ್ದು 1998ರ ನವೆಂಬರ್‌ನಲ್ಲಿ. ಹೆಚ್ಚಿನ ಸಲ ಕೆಲವೇ ನಿಮಿಷದಲ್ಲಿ ಉತ್ತರ ಬರುತ್ತದೆ. ನನ್ನ ತಮ್ಮ ಊಟದ ಬಿಡುವಿನಲ್ಲಿ ಹೋಗಿ, ರೈಫಲ್ ಕೊಂಡು, ಕಾರಿನ ಡಿಕ್ಕಿಯಲ್ಲಿಟ್ಟು, ಎರಡು ಗಂಟೆಯ ಮೀಟಿಂಗ್‌ಗೆ ವಾಪಸ್ ಬಂದಿದ್ದ.

ಈ ನೆಲದಲ್ಲಿ ಎರಡು ದೊಡ್ಡ ಬಿರುಕುಗಳಿವೆ. ಮೂರು ಕೆಲಸದ ದಿನದೊಳಗೆ ಎಫ್‌ಬಿಐ ಉತ್ತರ ಕೊಡದಿದ್ದರೆ ಅಂಗಡಿಯವನು ಮಾರಬಹುದು. 2015ರಲ್ಲಿ ಚಾರ್ಲ್ಸ್‌ಟನ್‌ನ ಚರ್ಚಿನಲ್ಲಿ ಒಂಬತ್ತು ಜನರನ್ನು ಕೊಂದವನ ಕೈಗೆ ಗನ್ ಬಂದದ್ದು ಹೀಗೆ, ಗಡುವು ಮುಗಿದು ಹೋಗಿ. ಎರಡನೆಯದು, ಇದೆಲ್ಲ ಲೈಸೆನ್ಸ್ ಇರುವ ಅಂಗಡಿಗೆ ಮಾತ್ರ. ಒಂದೇ ರಾಜ್ಯದ ಇಬ್ಬರು ಸಾಮಾನ್ಯರು ತಮ್ಮ ತಮ್ಮಲ್ಲೇ ಕೊಟ್ಟು ತಗೊಂಡರೆ ಕೇಂದ್ರ ಕಾನೂನು ಫಾರ್ಮ್ ಕೇಳುವುದಿಲ್ಲ, ಪರಿಶೀಲನೆಯೂ ಇಲ್ಲ. ಸುಮಾರು 20 ರಾಜ್ಯಗಳು ಈ ಬಿರುಕನ್ನು ತಮ್ಮ ಕಾನೂನಿನಿಂದ ಮುಚ್ಚಿವೆ. ಟೆಕ್ಸಾಸ್ ಮುಚ್ಚಿಲ್ಲ. ಆನ್‌ಲೈನ್ ಖರೀದಿ ಬಗ್ಗೆಯೂ ಕೇಳುತ್ತಿರುತ್ತಾರೆ. ಆರ್ಡರ್ ಮಾಡಬಹುದು, ಆದರೆ ಪಾರ್ಸಲ್ ಮನೆಬಾಗಿಲಿಗೆ ಬರುವುದಿಲ್ಲ. ನಿಮ್ಮೂರಿನ ಲೈಸೆನ್ಸ್ ಅಂಗಡಿಗೆ ಬರುತ್ತದೆ, ಅಲ್ಲಿ ಅದೇ ಫಾರ್ಮ್, ಅದೇ ಪರಿಶೀಲನೆ.

ಈಗ ಅಸಲಿ ವಿಷಯಕ್ಕೆ ಬರೋಣ. "ಸೆಮಿ-ಆಟೊಮ್ಯಾಟಿಕ್ ರೈಫಲ್ ಬ್ಯಾನ್" ಅಂತ ಸುದ್ದಿಯಲ್ಲಿ ಓದುತ್ತೇವಲ್ಲ, ಹಾಗೆ ಸೆಮಿ-ಆಟೊಮ್ಯಾಟಿಕ್ ರೈಫಲ್‌ಗಳನ್ನೆಲ್ಲ ಬ್ಯಾನ್ ಮಾಡಿದ ರಾಜ್ಯ ಅಮೆರಿಕದಲ್ಲಿ ಒಂದೂ ಇಲ್ಲ. ಅಳಿಲು, ಮೊಲ ಹೊಡೆಯುವ .22 ಗಾತ್ರದ ಸೆಮಿ-ಆಟೊಮ್ಯಾಟಿಕ್ ರೈಫಲ್ ಕ್ಯಾಲಿಫೋರ್ನಿಯಾದಲ್ಲೂ ಸಿಗುತ್ತದೆ. ನಿಷೇಧ ಇರುವುದು "ಅಸಾಲ್ಟ್ ವೆಪನ್" ಅನ್ನುವುದರ ಮೇಲೆ. ಅದು ಎಂಜಿನಿಯರ್ ಕೊಟ್ಟ ಹೆಸರಲ್ಲ, ಕಾನೂನು ಕೊಟ್ಟ ಹೆಸರು. ಹಾಗಾಗಿ ಯಾವುದು ಅಸಾಲ್ಟ್ ವೆಪನ್ ಅನ್ನುವುದು ಆಯಾ ರಾಜ್ಯ ಹೇಗೆ ಬರೆಯಿತೋ ಹಾಗೆ.

ಈ ಬರವಣಿಗೆಯ ಕಥೆ ಶುರುವಾಗುವುದು ಕ್ಯಾಲಿಫೋರ್ನಿಯಾದ ಸ್ಟಾಕ್ಟನ್ ಎಂಬ ಊರಿನಲ್ಲಿ. 1989ರ ಜನವರಿ 17ರಂದು ಅಲ್ಲಿನ ಪ್ರಾಥಮಿಕ ಶಾಲೆಯ ಆಟದ ಬಯಲಿಗೆ ಬಂದವನೊಬ್ಬ ಎಕೆ ಮಾದರಿಯ ಸೆಮಿ-ಆಟೊಮ್ಯಾಟಿಕ್ ರೈಫಲ್‌ನಿಂದ ಗುಂಡು ಹಾರಿಸಿದ. ಐದು ಮಕ್ಕಳು ಸತ್ತವು. ರೈಫಲ್ ಕೊಂಡದ್ದು ಪಕ್ಕದ ಓರೆಗಾನ್ ರಾಜ್ಯದಲ್ಲಿ. ಅದೇ ವರ್ಷ ಕ್ಯಾಲಿಫೋರ್ನಿಯಾ ದೇಶದ ಮೊದಲ ಅಸಾಲ್ಟ್ ವೆಪನ್ ಕಾನೂನು ಮಾಡಿತು. ಐವತ್ತಕ್ಕೂ ಹೆಚ್ಚು ಮಾದರಿಗಳ ಹೆಸರು ಬರೆದು, ಇವನ್ನು ಮಾರಬೇಡಿ ಅಂದಿತು.

ಕಂಪನಿಗಳು ಏನು ಮಾಡಿದವು? ಹೆಸರು ಬದಲಿಸಿದವು. ಪಟ್ಟಿಯಲ್ಲಿ ಇಲ್ಲದ ಹೆಸರು ಅಂದರೆ ನಿಷೇಧ ಇಲ್ಲ, ಅಲ್ವಾ?

1994ರ ಸೆಪ್ಟೆಂಬರ್‌ನಲ್ಲಿ ಕೇಂದ್ರವೇ ಹತ್ತು ವರ್ಷಕ್ಕೆ ಒಂದು ನಿಷೇಧ ತಂದಾಗ ಹೆಸರುಗಳ ಜೊತೆಗೆ ಲಕ್ಷಣಗಳ ಪರೀಕ್ಷೆಯೂ ಬಂತು. ಕಳಚಬಹುದಾದ ಮ್ಯಾಗಜೀನ್ ಇರುವ ಸೆಮಿ-ಆಟೊಮ್ಯಾಟಿಕ್ ರೈಫಲ್‌ಗೆ ಮಡಚುವ ಹಿಂಬದಿ ದಿಂಡು, ಪಿಸ್ತೂಲಿನಂಥ ಹಿಡಿ, ಬಯೊನೆಟ್ ಸಿಕ್ಕಿಸುವ ಕೊಕ್ಕೆ, ಬೆಂಕಿಯ ಹೊಳಪು ತಗ್ಗಿಸುವ ಮೂತಿ, ಗ್ರೆನೇಡ್ ಲಾಂಚರ್, ಇವುಗಳಲ್ಲಿ ಯಾವುದಾದರೂ ಎರಡು ಇದ್ದರೆ ಅದು ಅಸಾಲ್ಟ್ ವೆಪನ್. ಕಂಪನಿಗಳು ಕೊಕ್ಕೆ ಕತ್ತರಿಸಿ, ಮೂತಿ ಬಿಚ್ಚಿ, ಅದೇ ರೈಫಲ್ ಮಾರಿದವು. ಅದೇ ಕಾನೂನಿನಲ್ಲಿ ಮುಟ್ಟಬಾರದ ಬೇಟೆ ಕೋವಿಗಳ ಉದ್ದದ ಪಟ್ಟಿಯೂ ಇತ್ತು. ಅದರಲ್ಲಿ ರೂಗರ್ ಮಿನಿ-14 ಇತ್ತು, ದಿಂಡು ಮಡಚುವಂತಿಲ್ಲ ಅಷ್ಟೇ. ಎಆರ್-15 ಹೊಡೆಯುವ ಅದೇ ಗಾತ್ರದ ಗುಂಡು, ಅದೇ ಥರ ಒಂದು ಎಳೆತಕ್ಕೆ ಒಂದು. ಮೈ ಮಾತ್ರ ಮರದ್ದು, ನೋಡಲು ಅಜ್ಜನ ಕೋವಿ ಹಾಗೆ. ಒಂದಕ್ಕೆ ನಿಷೇಧ, ಇನ್ನೊಂದಕ್ಕೆ ರಕ್ಷಣೆ. ಕೋವಿ ಪರ ಇರುವವರು "ಇವರು ಬ್ಯಾನ್ ಮಾಡೋದು ಮುಖ ನೋಡಿ" ಅಂತ ಹಂಗಿಸುವುದು ಇದಕ್ಕೇ. ಆ ಟೀಕೆಯಲ್ಲಿ ಹುರುಳಿದೆ ಅಂತ ನನಗೂ ಅನಿಸುತ್ತದೆ. ಆದರೆ ಇನ್ನೊಂದು ಕಡೆಯವರ ವಾದವೂ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಆ ಹಿಡಿ, ಆ ದಿಂಡು, ಆ ಮ್ಯಾಗಜೀನ್ ಚಂದಕ್ಕೆ ಇಟ್ಟದ್ದಲ್ಲ, ಬೇಗ ಬೇಗ ತುಂಬಿ ಜಾಸ್ತಿ ಹೊಡೆಯಲು ಅನುಕೂಲವಾಗಲಿ ಅಂತಲೇ ಸೇನೆಗಾಗಿ ಮಾಡಿದ್ದು ಅನ್ನುತ್ತಾರೆ ಅವರು.

2004ರ ಸೆಪ್ಟೆಂಬರ್ 13ಕ್ಕೆ ಕೇಂದ್ರದ ನಿಷೇಧದ ಅವಧಿ ಮುಗಿಯಿತು. ಸಂಸತ್ತು ಮುಂದುವರಿಸಲಿಲ್ಲ. ಅಲ್ಲಿಂದ ಇದು ಪೂರ್ತಿ ರಾಜ್ಯಗಳ ಆಟ.

ಕ್ಯಾಲಿಫೋರ್ನಿಯಾ ಅಷ್ಟರಲ್ಲಿ ಮುಂದೆ ಹೋಗಿತ್ತು. 2000ರಿಂದ ಅಲ್ಲಿ ಎರಡು ಲಕ್ಷಣ ಬೇಡ, ಒಂದೇ ಸಾಕು. ಕಳಚುವ ಮ್ಯಾಗಜೀನ್ ಇದ್ದು, ಮೇಲಿನಂಥ ಒಂದು ಭಾಗ ಇದ್ದರೂ ಮುಗಿಯಿತು. ಇಲ್ಲಿಂದ ಶುರುವಾದದ್ದು ಬೆಕ್ಕು ಇಲಿ ಆಟ. ಸಾಮಾನ್ಯ ಎಆರ್‌ನಲ್ಲಿ ಒಂದು ಗುಂಡಿಯನ್ನು ಬೆರಳಲ್ಲಿ ಒತ್ತಿದರೆ ಮ್ಯಾಗಜೀನ್ ಕಳಚಿ ಬೀಳುತ್ತದೆ. ಕಳಚಲು ಉಪಕರಣ ಬೇಕಾದರೆ ಅದನ್ನು "ಕಳಚಬಹುದಾದ" ಅನ್ನಬಾರದು ಅಂತ ನಿಯಮ ಹೇಳುತ್ತಿತ್ತು. ಅದೇ ನಿಯಮದಲ್ಲಿ ಇನ್ನೊಂದು ಮಾತೂ ಇತ್ತು: ಗುಂಡು ಕೂಡ ಒಂದು ಉಪಕರಣವೇ. ಅಷ್ಟು ಸಾಕಾಯಿತು. ಯಾರೋ ಬುದ್ಧಿವಂತರು ಗುಂಡಿಯ ಸುತ್ತ ಒಂದು ಬಳೆ ಕೂರಿಸಿದರು. ಬೆರಳು ಒಳಗೆ ಹೋಗುವುದಿಲ್ಲ, ಗುಂಡಿನ ಚೂಪು ತುದಿ ಹೋಗುತ್ತದೆ. ಚುಚ್ಚಿದರೆ ಮ್ಯಾಗಜೀನ್ ಕೆಳಗೆ. ಇದಕ್ಕೆ "ಬುಲೆಟ್ ಬಟನ್" ಅಂತಲೇ ಹೆಸರು ಬಿತ್ತು. ವರ್ಷಗಟ್ಟಲೆ ಲಕ್ಷಾಂತರ ರೈಫಲ್ ಹೀಗೆ ಮಾರಾಟವಾದವು. 2016ರಲ್ಲಿ ರಾಜ್ಯ ಎಚ್ಚೆತ್ತು ಕಾನೂನು ತಿದ್ದಿತು. ಈಗ ರೈಫಲ್‌ನ ಒಳಭಾಗ ಬಿಚ್ಚದೆ ಮ್ಯಾಗಜೀನ್ ತೆಗೆಯಲು ಆಗಬಾರದು, ಆಗ ಮಾತ್ರ ಅದು "ಕಳಚದ" ಮ್ಯಾಗಜೀನ್.

ಅದಕ್ಕೂ ಒಂದು ಒಳದಾರಿ ಹುಟ್ಟಿತು. ಮ್ಯಾಗಜೀನ್ ಕಳಚಲಿ ಬಿಡಿ, ಲಕ್ಷಣಗಳನ್ನೇ ತೆಗೆದರೆ? ಸ್ಯಾನ್ ಹೋಸೆಯ ಕಡೆಯ ಒಂದು ಅಂಗಡಿಯಲ್ಲಿ ಅಂಥ ರೈಫಲ್ ನೋಡಿದ್ದೇನೆ. ಪಿಸ್ತೂಲಿನಂಥ ಹಿಡಿ ಇರುವ ಜಾಗದಲ್ಲಿ ಮೀನಿನ ರೆಕ್ಕೆಯಂಥ ಒಂದು ಪ್ಲಾಸ್ಟಿಕ್ ಹಲಗೆ. ಹೆಬ್ಬೆರಳನ್ನು ಆ ಕಡೆಗೆ ಸುತ್ತಲು ಆಗಬಾರದು, ಅದಕ್ಕೇ ಆ ರೆಕ್ಕೆ. ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಪೆಚ್ಚಾಗಿ ಕೂರಬೇಕು. ತೆಂಗಿನಕಾಯಿ ತುರಿಯುವ ಮಣೆಯನ್ನು ಹೆಬ್ಬೆರಳು ಮಡಚಿ ಹಿಡಿದ ಹಾಗೆ. ಹಿಂಬದಿ ದಿಂಡು ಹಿಂದೆ ಮುಂದೆ ಸರಿಯದಂತೆ ಪಿನ್ ಹೊಡೆದಿದ್ದರು. ಮೂತಿಯ ತುದಿ ಬದಲಿಸಿದ್ದರು. ಅಷ್ಟಾದರೆ ಅದು ಕಾನೂನಿನ ಕಣ್ಣಲ್ಲಿ ಸಾಧಾರಣ ರೈಫಲ್. ಅಂಗಡಿಯವನು ಅದನ್ನು ಕೈಗೆತ್ತಿಕೊಂಡು ತೋರಿಸುವಾಗ ಅವನಿಗೇ ನಗು ತಡೆಯಲಾಗಲಿಲ್ಲ.

ಬೇರೆ ರಾಜ್ಯಗಳು ಬೇರೆ ಬೇರೆ ಥರ ಬರೆದಿವೆ. ಮೇರಿಲ್ಯಾಂಡ್ 2013ರಲ್ಲಿ ಹೆಸರುಗಳ ಪಟ್ಟಿಯನ್ನೇ ನೆಚ್ಚಿಕೊಂಡಿತು. ಅದರಲ್ಲಿ ಕೋಲ್ಟ್ ಎಆರ್-15 ಮತ್ತು ಅದರ ನಕಲುಗಳೆಲ್ಲ ನಿಷಿದ್ಧ, ದಪ್ಪ ನಳಿಗೆಯ ಎಚ್-ಬಾರ್ ಎಂಬ ಒಂದು ಮಾದರಿ ಬಿಟ್ಟು. ಹಾಗಾಗಿ ಮೇರಿಲ್ಯಾಂಡ್‌ನಲ್ಲಿ ಎಆರ್ ಬೇಕು ಅನ್ನುವವರು ನಳಿಗೆಯ ದಪ್ಪ ಕೇಳುತ್ತಾರೆ. ಮ್ಯಾಸಚೂಸೆಟ್ಸ್ ಕೇಂದ್ರದ 1994ರ ಮಾತುಗಳನ್ನೇ ಎತ್ತಿ ತನ್ನ ಕಾನೂನಿಗೆ ಹಾಕಿಕೊಂಡು, ಕೇಂದ್ರದ್ದು ಸತ್ತ ಮೇಲೂ ಉಳಿಸಿಕೊಂಡಿತು. ನ್ಯೂಜೆರ್ಸಿ 1990ರಿಂದ, ಕನೆಕ್ಟಿಕಟ್ 1993ರಿಂದ ಈ ಸಾಲಿನಲ್ಲಿವೆ. ನ್ಯೂಯಾರ್ಕ್ 2013ರಲ್ಲಿ ಒಂದೇ ಲಕ್ಷಣದ ಪರೀಕ್ಷೆಗೆ ಬಂತು. ಡೆಲವೇರ್ 2022ರಲ್ಲಿ ಸೇರಿತು. 2022ರ ಜುಲೈ 4ರಂದು ಹೈಲ್ಯಾಂಡ್ ಪಾರ್ಕ್‌ನ ಮೆರವಣಿಗೆಯಲ್ಲಿ ಏಳು ಜನ ಸತ್ತ ಮೇಲೆ ಇಲಿನಾಯ್ 2023ರ ಜನವರಿಯಲ್ಲಿ ಕಾನೂನು ಮಾಡಿತು. ವಾಷಿಂಗ್ಟನ್ ರಾಜ್ಯ ಅದೇ ವರ್ಷದ ಏಪ್ರಿಲ್‌ನಲ್ಲಿ. ರೋಡ್ ಐಲ್ಯಾಂಡ್ 2025ರಲ್ಲಿ ಸಹಿ ಹಾಕಿತು, ಜಾರಿ 2026ರ ಜುಲೈ 1ರಿಂದ. ಒಟ್ಟು ಹತ್ತು ರಾಜ್ಯ, ಜೊತೆಗೆ ರಾಜಧಾನಿ ವಾಷಿಂಗ್ಟನ್ ಡಿಸಿ.

ಇವುಗಳಲ್ಲೂ ಒಂದು ದೊಡ್ಡ ಭೇದ ಇದೆ. ಸುದ್ದಿಯಲ್ಲಿ ಅದು ಕಳೆದುಹೋಗುತ್ತದೆ. ಮಾರುವುದಕ್ಕೆ ನಿಷೇಧ ಬೇರೆ, ಇಟ್ಟುಕೊಳ್ಳುವುದಕ್ಕೆ ನಿಷೇಧ ಬೇರೆ. ವಾಷಿಂಗ್ಟನ್ ರಾಜ್ಯದಲ್ಲಿ, ರೋಡ್ ಐಲ್ಯಾಂಡ್‌ನಲ್ಲಿ ತಯಾರಿಕೆ, ಮಾರಾಟ ನಿಲ್ಲಿಸಿದರು, ಮನೆಯಲ್ಲಿ ಇದ್ದದ್ದು ಇರಲಿ ಅಂದರು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ಕನೆಕ್ಟಿಕಟ್‌ಗಳಲ್ಲಿ ಮೊದಲೇ ಇದ್ದದ್ದನ್ನು ಗಡುವಿನೊಳಗೆ ನೋಂದಾಯಿಸಿದರೆ ಮಾತ್ರ ಉಳಿಸಿಕೊಳ್ಳಬಹುದಿತ್ತು. ಇಲಿನಾಯ್‌ನಲ್ಲಿ ಆ ಗಡುವು 2024ರ ಜನವರಿ 1 ಆಗಿತ್ತು. ಅಲ್ಲಿನ ಹತ್ತಾರು ಕೌಂಟಿಗಳ (ನಮ್ಮ ಜಿಲ್ಲೆಯಂಥವು) ಪೊಲೀಸ್ ಮುಖ್ಯಸ್ಥರಾದ ಶೆರಿಫ್‌ಗಳು "ನಾವು ಮನೆ ಮನೆಗೆ ಹೋಗಿ ಹುಡುಕಲ್ಲ" ಅಂತ ಬಹಿರಂಗವಾಗಿ ಹೇಳಿಬಿಟ್ಟರು. ಕಾನೂನು ಪುಸ್ತಕದಲ್ಲಿರುವುದು ಒಂದು, ಚಿಕಾಗೊದಿಂದ ಮೂರು ಗಂಟೆ ದೂರದ ಜೋಳದ ಹೊಲದ ಊರಲ್ಲಿ ನಡೆಯುವುದು ಇನ್ನೊಂದು.

ನಿಷೇಧ ಇಲ್ಲದ ರಾಜ್ಯಗಳಲ್ಲಿ ಎಲ್ಲವೂ ಸಲೀಸು ಅಂದುಕೊಳ್ಳಬೇಡಿ. ವಯಸ್ಸು, ಕಾಯುವ ದಿನ, ಪರ್ಮಿಟ್, ಈ ಮೂರರಲ್ಲಿ ಬಿಗಿ ಮಾಡಿದವೂ ಇವೆ. ಫ್ಲಾರಿಡಾ ಕೋವಿ ಪ್ರಿಯರ ರಾಜ್ಯ. ಆದರೂ 2018ರ ಫೆಬ್ರವರಿಯಲ್ಲಿ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಜನ ಸತ್ತ ಮೇಲೆ ಮೂರೇ ವಾರದಲ್ಲಿ ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿತು. ಮೂರು ದಿನ ಕಾಯಬೇಕು ಅಂದಿತು. ಟೆಕ್ಸಾಸ್‌ನ ಯುವಾಲ್ಡೆಯಲ್ಲಿ 2022ರ ಮೇ 24ರಂದು 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಹೊಡೆದವನಿಗೆ ಆಗಷ್ಟೇ 18 ತುಂಬಿತ್ತು, ರೈಫಲ್ ಕೊಂಡದ್ದು ಕಾನೂನಿನ ಪ್ರಕಾರವೇ. ಟೆಕ್ಸಾಸ್ ವಯಸ್ಸು ಏರಿಸಲಿಲ್ಲ. ಕೇಂದ್ರ ಮಾತ್ರ 21ರ ಒಳಗಿನವರಿಗೆ ಜಾಸ್ತಿ ಪರಿಶೀಲನೆ ಇಟ್ಟಿತು, ಬೇಕಾದರೆ ಹತ್ತು ಕೆಲಸದ ದಿನದವರೆಗೆ.

ಯುವಾಲ್ಡೆ ಘಟನೆಗೆ ಹತ್ತು ದಿನ ಮೊದಲು ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ಅಂಗಡಿಯೊಂದರಲ್ಲಿ ಹತ್ತು ಜನ ಸತ್ತಿದ್ದರು. ಆ ರೈಫಲ್ ಮಾರುವಾಗ ನ್ಯೂಯಾರ್ಕ್ ನಿಯಮಕ್ಕೆ ಸರಿಯಾಗಿಯೇ ಇತ್ತು, ಮ್ಯಾಗಜೀನ್ ಕಳಚದಂತೆ ಬೀಗ ಹಾಕಿದ್ದರು. ಕೊಂಡವನು ಆ ಬೀಗ ತೆಗೆದ. ನಿಷೇಧದ ಪಟ್ಟಿ ಎಷ್ಟು ಉದ್ದ ಬರೆದರೂ ಇಂಥ ಸಂದು ಉಳಿಯುತ್ತದೆ ಅಂತ ರಾಜ್ಯಕ್ಕೆ ಅನಿಸಿರಬೇಕು. ಆಮೇಲೆ ಅದು ಬೇರೆ ದಾರಿ ಹಿಡಿಯಿತು: 2022ರ ಸೆಪ್ಟೆಂಬರ್‌ನಿಂದ ಅಲ್ಲಿ ಯಾವುದೇ ಸೆಮಿ-ಆಟೊಮ್ಯಾಟಿಕ್ ರೈಫಲ್ ಕೊಳ್ಳಲು ಲೈಸೆನ್ಸ್ ಬೇಕು, 21 ತುಂಬಿರಬೇಕು. ಕೊಲರಾಡೊ 2025ರಲ್ಲಿ ಇದೇ ಜಾಡಿನಲ್ಲಿ ಹೋಯಿತು. 2026ರ ಆಗಸ್ಟ್‌ನಿಂದ ಅಲ್ಲಿ ಕಳಚುವ ಮ್ಯಾಗಜೀನ್ ಇರುವ ಹೆಚ್ಚಿನ ಸೆಮಿ-ಆಟೊಮ್ಯಾಟಿಕ್‌ಗಳನ್ನು ಕೊಳ್ಳಲು ತರಬೇತಿ ಮತ್ತು ಅನುಮತಿ ಎರಡೂ ಬೇಕು. ನನ್ನ ಮಟ್ಟಿಗೆ ಇದು ಹೆಚ್ಚು ಅರ್ಥವಾಗುವ ಕಾನೂನು. ರೈಫಲ್‌ನ ಹಿಡಿ ಹೇಗಿದೆ ಅಂತ ನೋಡುವುದಕ್ಕಿಂತ ಅದನ್ನು ಹಿಡಿಯುವ ಕೈ ಯಾರದು ಅಂತ ಕೇಳುವುದು ವಾಸಿ, ಅಲ್ವಾ?

ಮ್ಯಾಗಜೀನ್‌ಗೆ ಪ್ರತ್ಯೇಕ ಕಾನೂನು ಇದೆ, ಇದನ್ನು ಜನ ಮರೆಯುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಹತ್ತು ಗುಂಡಿಗಿಂತ ಜಾಸ್ತಿ ಹಿಡಿಯುವುದನ್ನು ಮಾರುವಂತಿಲ್ಲ, ಹೊರಗಿನಿಂದ ತರುವಂತಿಲ್ಲ. ಕೊಲರಾಡೊದಲ್ಲಿ ಮಿತಿ 15. ಇಲಿನಾಯ್‌ನಲ್ಲಿ ರೈಫಲ್‌ಗೆ 10, ಕೈಗನ್‌ಗೆ 15. ಟೆಕ್ಸಾಸ್‌ನಲ್ಲಿ ಮಿತಿಯೇ ಇಲ್ಲ. ಎಆರ್ ಜೊತೆ ಡಬ್ಬಿಯಲ್ಲಿ ಬರುವುದು ಸಾಮಾನ್ಯವಾಗಿ 30ರದ್ದು.

ಈಗ ನಮ್ಮವರಿಗೆ ಎಲ್ಲಕ್ಕಿಂತ ಮುಖ್ಯವಾದ ಮಾತು. ಇದನ್ನು ಹೇಳದೆ ಈ ಲೇಖನ ಬರೆದು ಪ್ರಯೋಜನವಿಲ್ಲ. ಎಚ್-1ಬಿ, ಎಚ್-4, ಎಲ್-1, ಎಫ್-1, ಬಿ-2, ಯಾವುದೇ ತಾತ್ಕಾಲಿಕ ವೀಸಾದಲ್ಲಿ ಇರುವವರು ಕೋವಿ ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಇದು ಕೇಂದ್ರದ ಕಾನೂನು, ಟೆಕ್ಸಾಸ್‌ನಲ್ಲೂ ಇದೇ. ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜ್‌ನಲ್ಲಿ ಕೋವಿ ಬಾಡಿಗೆಗೆ ತೆಗೆದುಕೊಂಡು ಒಂದು ಗಂಟೆ ಹೊಡೆಯುವುದೂ ಸರ್ಕಾರದ ಲೆಕ್ಕದಲ್ಲಿ "ಇಟ್ಟುಕೊಂಡ" ಹಾಗೆಯೇ. ಒಂದು ಮುಖ್ಯ ವಿನಾಯಿತಿ ಇದೆ: ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇರಬೇಕು. ಅದು ಇದ್ದರೆ ಆಗುತ್ತದೆ, ಅವಧಿ ಮುಗಿದ ಮರುದಿನ ಆಗುವುದಿಲ್ಲ. ತಪ್ಪಿದರೆ 15 ವರ್ಷದವರೆಗೆ ಜೈಲು ಆಗಬಹುದು, ವೀಸಾ, ಗ್ರೀನ್ ಕಾರ್ಡಿನ ಸರದಿ ಎಲ್ಲವೂ ಹೋಗಬಹುದು.

ಇದನ್ನು ಒತ್ತಿ ಹೇಳಲು ಕಾರಣ ಇದೆ. ವಾರಾಂತ್ಯಕ್ಕೆ ಆಫೀಸಿನವರೆಲ್ಲ ಸೇರಿ ರೇಂಜಿಗೆ ಹೋಗಿ, ಕಿವಿಗೆ ಮಫ್ ಹಾಕಿಕೊಂಡು, ರೈಫಲ್ ಹಿಡಿದು ಫೋಟೊ ತೆಗೆಸಿ ವಾಟ್ಸಾಪ್‌ಗೆ ಹಾಕುವ ನಮ್ಮ ಹುಡುಗರನ್ನು ಎಷ್ಟೋ ಸಲ ನೋಡಿದ್ದೇನೆ. ಅವರಲ್ಲಿ ಎಷ್ಟು ಜನರ ಜೇಬಲ್ಲಿ ಬೇಟೆ ಲೈಸೆನ್ಸ್ ಇತ್ತೋ. ಗ್ರೀನ್ ಕಾರ್ಡ್ ಬಂದವರಿಗೆ ಈ ತಡೆ ಇಲ್ಲ. ಅವರಿಗೆ ನಾಗರಿಕರ ಹಾಗೆಯೇ ಆಯಾ ರಾಜ್ಯದ ಕಾನೂನು.

ಇಷ್ಟೆಲ್ಲ ಇದ್ದರೂ ಇದು ಇನ್ನೂ ಗಟ್ಟಿಯಾಗಿ ಕೂತ ಕಾನೂನಲ್ಲ. ಕೋರ್ಟುಗಳಲ್ಲಿ ಅಲ್ಲಾಡುತ್ತಲೇ ಇದೆ. 2008ರಲ್ಲಿ ಹೆಲ್ಲರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೊದಲ ಸಲ ಸ್ಪಷ್ಟವಾಗಿ ಹೇಳಿತು: ಮನೆಯಲ್ಲಿ ಆಯುಧ ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು. ಜನರಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಆಯುಧಕ್ಕೆ ಆ ರಕ್ಷಣೆ ಇದೆ, ಎಂ-16ರಂಥವನ್ನು ನಿಷೇಧಿಸಬಹುದು. ಹಾಗಾದರೆ ಎಆರ್-15 ಯಾವ ಗುಂಪಿಗೆ? ಕೋಟಿಗಟ್ಟಲೆ ಜನರ ಮನೆಯಲ್ಲಿದೆ, ಆದ್ದರಿಂದ ಸಾಮಾನ್ಯ ಬಳಕೆ ಅನ್ನುತ್ತಾರೆ ಒಂದು ಕಡೆಯವರು. ಎಂ-16ರ ತಮ್ಮ ತಾನೇ ಅನ್ನುತ್ತಾರೆ ಇನ್ನೊಂದು ಕಡೆಯವರು.

2022ರ ಜೂನ್‌ನಲ್ಲಿ ಬ್ರೂಯನ್ ತೀರ್ಪು ಬಂದ ಮೇಲೆ ಜಗಳ ಇನ್ನೂ ವಿಚಿತ್ರವಾಯಿತು. ಕೋವಿ ಕಾನೂನು ಉಳಿಯಬೇಕಾದರೆ ದೇಶದ ಹಳೆಯ ಕಾಲದ ಕಾನೂನುಗಳಲ್ಲಿ ಅದಕ್ಕೆ ಹೋಲುವ ಪರಂಪರೆ ತೋರಿಸಬೇಕು ಅಂದಿತು ಕೋರ್ಟ್. ಅಂದಿನಿಂದ ಸರ್ಕಾರಿ ವಕೀಲರು ಇತಿಹಾಸ ಪ್ರಾಧ್ಯಾಪಕರ ಹಿಂದೆ ಬಿದ್ದಿದ್ದಾರೆ. ಮದ್ದಿನ ಪುಡಿ ದಾಸ್ತಾನಿನ ನಿಯಮ, ಬೋವಿ ಎಂಬ ಉದ್ದನೆಯ ಚಾಕುವಿಗೆ ಹಾಕಿದ ತಡೆ, ಇಂಥವೆಲ್ಲ 21ನೇ ಶತಮಾನದ ಕೇಸಿನಲ್ಲಿ ಸಾಕ್ಷಿಯಾಗಿ ಬರುತ್ತಿವೆ. 2024ರ ಆಗಸ್ಟ್‌ನಲ್ಲಿ ಫೋರ್ತ್ ಸರ್ಕ್ಯೂಟ್ ಎಂಬ ಮೇಲ್ಮನವಿ ಕೋರ್ಟ್ ಮೇರಿಲ್ಯಾಂಡ್ ನಿಷೇಧ ಸರಿ ಅಂದಿತು. ಅದೇ ವರ್ಷ ನವೆಂಬರ್‌ನಲ್ಲಿ ಇಲಿನಾಯ್‌ನ ಒಬ್ಬ ಕೇಂದ್ರ ನ್ಯಾಯಾಧೀಶರು ತಮ್ಮ ರಾಜ್ಯದ ನಿಷೇಧ ತಪ್ಪು ಅಂದರು, ಮೇಲಿನ ಕೋರ್ಟ್ ಆ ಆದೇಶವನ್ನು ತಡೆಹಿಡಿಯಿತು. ಮೇರಿಲ್ಯಾಂಡ್ ಕೇಸು ಸುಪ್ರೀಂ ಕೋರ್ಟಿನ ಬಾಗಿಲಿಗೆ ಹೋದಾಗ 2025ರ ಜೂನ್ 2ರಂದು ಅದನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿದರು. ಮೂವರು ನ್ಯಾಯಮೂರ್ತಿಗಳು ವಿಚಾರಣೆ ಆಗಬೇಕಿತ್ತು ಅಂದರು. ನಾಲ್ಕನೆಯವರಾದ ಕಾವನಾ, 50ರಲ್ಲಿ 41 ರಾಜ್ಯಗಳಲ್ಲಿ ಎಆರ್-15 ಕಾನೂನುಬದ್ಧ ಅಂತ ನೆನಪಿಸಿ (ಆಗ ರೋಡ್ ಐಲ್ಯಾಂಡ್ ಇನ್ನೂ ಸಹಿ ಹಾಕಿರಲಿಲ್ಲ), ಇನ್ನೊಂದೆರಡು ಅವಧಿಯೊಳಗೆ ಈ ಪ್ರಶ್ನೆಯನ್ನು ಕೋರ್ಟ್ ಎತ್ತಿಕೊಳ್ಳಬೇಕು ಎಂದು ಬರೆದರು. ಒಂದು ಕೇಸು ಎತ್ತಿಕೊಳ್ಳಲು ನಾಲ್ಕು ಜನ ಸಾಕು.

ಮತ್ತೆ ನಮ್ಮ ಹುಡುಗನ ಟ್ರಕ್ಕಿಗೆ ಬರೋಣ. ಅವನು ಎಲ್ಲೋ ಓದಿದ್ದ, 1986ರ ಕೇಂದ್ರ ಕಾನೂನಿನಲ್ಲಿ ದಾರಿಹೋಕರಿಗೆ ರಕ್ಷಣೆ ಇದೆ ಅಂತ. ಇದೆ ನಿಜ. ಗುಂಡು ತೆಗೆದು, ಬೀಗ ಹಾಕಿ, ಡಿಕ್ಕಿಯಲ್ಲಿಟ್ಟರೆ ನಡುವಿನ ರಾಜ್ಯ ತಡೆಯುವಂತಿಲ್ಲ. ಪೆನ್ಸಿಲ್ವೇನಿಯಾದಿಂದ ನ್ಯೂ ಹ್ಯಾಂಪ್‌ಶೈರ್‌ಗೆ ಹೋಗುವವರು ನ್ಯೂಯಾರ್ಕ್ ಹಾದು ಹೋಗಬಹುದು. ಆದರೆ ಹೊರಟ ಜಾಗದಲ್ಲೂ ತಲುಪುವ ಜಾಗದಲ್ಲೂ ಅದು ಕಾನೂನುಬದ್ಧ ಆಗಿರಬೇಕು. ಇವನು ತಲುಪುವುದೇ ಸ್ಯಾನ್ ಹೋಸೆ.

ಉಳಿದದ್ದು ಎರಡೇ ದಾರಿ. ಗಡಿ ದಾಟುವ ಮೊದಲೇ ಮೀನಿನ ರೆಕ್ಕೆ ಹಾಕಿಸಿ, ದಿಂಡಿಗೆ ಪಿನ್ ಹೊಡೆಸಿ, ಮೂತಿ ಬದಲಿಸಿ, ಹೋದ ಮೇಲೆ 60 ದಿನದೊಳಗೆ ರಾಜ್ಯಕ್ಕೆ ವರದಿ ಮಾಡುವುದು. ಅದೂ ರೈಫಲ್‌ನ ಹೆಸರು ಕ್ಯಾಲಿಫೋರ್ನಿಯಾದ ಪಟ್ಟಿಯಲ್ಲಿ ಇಲ್ಲದಿದ್ದರೆ ಮಾತ್ರ. ಪಟ್ಟಿಯಲ್ಲಿ ಇರುವುದಾದರೆ ಎಷ್ಟು ರೆಕ್ಕೆ ಹಚ್ಚಿದರೂ ಅಷ್ಟೇ. ಎರಡನೆಯದು, ಮಾರಿ ಹೋಗುವುದು.

ಅವನದ್ದು ಮೈಮೇಲೆ ಕೋಲ್ಟ್ ಎಆರ್-15 ಅಂತಲೇ ಕೆತ್ತಿದ್ದ ರೈಫಲ್. ಪಟ್ಟಿಯಲ್ಲಿರುವ ಹೆಸರೇ. ಹಾಗಾಗಿ ಕೊಂಡ ಅಂಗಡಿಗೇ ಹೋಗಿ ಕೊಟ್ಟು ಬಂದ. ಕೊಟ್ಟ ದುಡ್ಡಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸಿಕ್ಕಿತಂತೆ. ರೈಫಲ್ ಇಡುತ್ತಿದ್ದ ಕಬ್ಬಿಣದ ಸೇಫ್ ಮಾತ್ರ ಟ್ರಕ್ ಹತ್ತಿತು.

ಹೊರಡುವ ಹಿಂದಿನ ರಾತ್ರಿ ಹನ್ನೊಂದಕ್ಕೆ ಮತ್ತೆ ಫೋನ್. ಗರಾಜಿನ ಮೇಲಿನ ಹಲಗೆಯಲ್ಲಿ ಒಂದು ಶೂ ಡಬ್ಬಿ ಸಿಕ್ಕಿದೆ, ಒಳಗೆ 30ರ ಮೂರು ಮ್ಯಾಗಜೀನ್. "ಇದು ಬರೀ ತಗಡು ಡಬ್ಬಿ ಅಣ್ಣಾ, ಇದಕ್ಕೂನಾ?" ಅದಕ್ಕೂ ಅಂದೆ. ಬೆಳಿಗ್ಗೆ ಟ್ರಕ್ ಬರುವ ಮೊದಲು ಪಕ್ಕದ ಮನೆಯವನಿಗೆ ಕೊಟ್ಟನಂತೆ. ಅವನು ಖುಷಿಯಾಗಿ, ಬದಲಿಗೆ ಒಂದು ಹುಲ್ಲು ಕತ್ತರಿಸುವ ಮಷೀನ್ ಕೊಡಲು ಬಂದ. ಸ್ಯಾನ್ ಹೋಸೆಯ ಬಾಡಿಗೆ ಮನೆಯಲ್ಲಿ ಹುಲ್ಲೇ ಇಲ್ಲ.